ಟಾಪ್ ಹೌಸ್ ಅಲ್ಲ, ಟಾಪ್ ಹೌಸ್

ಅಪ್ಪನ ಮರಣದ ಪ್ರಕಟಣೆಯಲ್ಲಿ ಒಂದೇ ಒಂದು ತಪ್ಪೂ ಇರಕೂಡದೆಂದು ನಾನು ಪಣ ತೊಟ್ಟೆ. ಅಪ್ಪನಿಗಾಗಿ ನಾನು ಮಾಡಬಹುದಾಗಿದ್ದ ಕೆಲಸಗಳು ಬೇಕಾದಷ್ಟಿದ್ದವು. ಉಣ್ಣೆ ಕತ್ತರಿಸುವುದನ್ನು ಕಲಿಯಬಹುದಿತ್ತು. ಬಿದ್ದ ಕಲ್ಲುಗೋಡೆ ಎತ್ತುವಾಗ ಕೈ ಜೋಡಿಸಬಹುದಿತ್ತು. ಜೋಡಿಸುವ ಬದಲು ಕೈ ಕೊಟ್ಟೆ. ಭಾನುವಾರವಾದರೂ ಫೋನ್ ಮಾಡಿ ಮಾತಾಡಬಹುದಿತ್ತು. ಅವೊಂದೂ ಆಗಲಿಲ್ಲ. ಆದರೆ ವ್ಯಾಕರಣ! ಅದರಲ್ಲಿ ನನ್ನನ್ನು ಮೀರಿಸುವವರು ಯಾರ್ಕ್‌ಷೈರಿನ ಈ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣಗಳೂ ಇಲ್ಲ. ಅಪ್ಪನ ಋಣವನ್ನು ವ್ಯಾಕರಣದಿಂದಲೇ ತೀರಿಸುತ್ತೇನೆ ಎಂದುಕೊಂಡೆ.

ಐವ್ಸನ್ ವಂಶದಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಅಜ್ಜ ಕುರಿ ಸಾಕಿದ. ಅಪ್ಪ ಕ್ಲಿಫರ್ಡ್ ಕುರಿ ಸಾಕಿದ. ನಾನು ಪಟ್ಟಣದ ಕೌನ್ಸಿಲ್ ಕಚೇರಿಯಲ್ಲಿ ಅಲ್ಪವಿರಾಮಗಳನ್ನು ಸಾಕುತ್ತೇನೆ. ಅಲ್ಲಿಂದ ಹೊರಬೀಳುವ ಪ್ರತಿ ಸುತ್ತೋಲೆ, ಪ್ರತಿ ಫಲಕ ನನ್ನ ಕೆಂಪು ಪೆನ್ನಿನ ಕೆಳಗೆ ನುಸುಳಿಯೇ ಹೋಗಬೇಕು. ಅದರಲ್ಲೂ ಊರುಕೇರಿಗಳ ಹೆಸರಿಗೆ ಇಂಗ್ಲಿಷಿನ ದೊಡ್ಡಕ್ಷರ ಯಾವಾಗ, ಸಣ್ಣಕ್ಷರ ಯಾವಾಗ ಎಂಬ ವಿಷಯ ಬಂತೆಂದರೆ ನಾನೇ ಸರ್ವೋಚ್ಚ ನ್ಯಾಯಾಲಯ. ನದಿ ಬರಿಯ ನದಿಯಾದರೆ ಸಣ್ಣಕ್ಷರ. ಹೆಸರು ಇಟ್ಟುಕೊಂಡು ಹರಿದರೆ ದೊಡ್ಡಕ್ಷರ. ಉತ್ತರ ದಿಕ್ಕಿಗೆ ಹೊರಟರೆ ಸಣ್ಣದು. ಉತ್ತರ ಸೀಮೆಯವನೆಂದು ಎದೆ ತಟ್ಟಿಕೊಂಡರೆ ದೊಡ್ಡದು. ಈ ನ್ಯಾಯಕ್ಕೆ ಮೇಲ್ಮನವಿ ಇಲ್ಲ.

ಮನೆಯಲ್ಲಿ ಮಾತ್ರ ಈ ನ್ಯಾಯಾಲಯಕ್ಕೆ ಕವಡೆಯ ಕಿಮ್ಮತ್ತಿಲ್ಲ. ನನ್ನ ಹೆಂಡತಿ ಬ್ರೆಂಡಾ ಪಟ್ಟಣದವಳು, ಚಪ್ಪಲಿ ಅಂಗಡಿಯಲ್ಲಿ ಕೆಲಸ. ಒಂದು ದಿನ ಅವಳ ಸಾಮಾನು ಚೀಟಿಯಲ್ಲಿ ಚೆಡ್ಡರ್ ಚೀಸನ್ನು ಸಣ್ಣಕ್ಷರದಲ್ಲಿ ಬರೆದದ್ದು ಕಂಡು ನನ್ನ ರಕ್ತ ಕುದಿಯಿತು.

"ಬ್ರೆಂಡಾ, ಚೆಡ್ಡರ್ ಅನ್ನೋದು ಒಂದು ಊರು. ದೊಡ್ಡಕ್ಷರ ಬೇಕು."

"ನಾನು ಬರೆದಿರೋದು ಊರಲ್ಲ, ಚೀಸು. ಊರನ್ನ ಫ್ರಿಜ್‌ನಲ್ಲಿ ಇಡೋಕಾಗುತ್ತಾ?"

ಇಂಥವರ ನಡುವೆ ವಿದ್ಯೆಯನ್ನು ಕಾಪಾಡಿಕೊಂಡು ಬಂದವನು ನಾನು.

ಅಪ್ಪ ಹೋದದ್ದು ಕುರಿಗಳು ಈಯುವ ತಿಂಗಳಲ್ಲಿ. ಅಷ್ಟು ಕೆಲಸವಿರುವ ಕಾಲದಲ್ಲಿ ಸಾಯುವುದು ಅವನ ಜಾಯಮಾನವೇ ಅಲ್ಲ. ಅಮ್ಮನಿಗೂ ಅದೇ ಆಶ್ಚರ್ಯ. ನಾನು ಬ್ರೆಂಡಾಳೊಂದಿಗೆ ಊರಿಗೆ ಬಂದಾಗ ಅಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು, ನಮ್ಮ ಪ್ರಾರ್ಥನಾಮಂದಿರವಾದ ಚಾಪೆಲ್ಲಿನಿಂದ ಎಷ್ಟು ಕಪ್ಪು ಬಸಿ ತರಬೇಕೆಂದು ಯೋಚಿಸುತ್ತಿದ್ದಳು. ನಮ್ಮ ಕಡೆ ಸತ್ತವನನ್ನು ಮಣ್ಣು ಮಾಡಿದ ಮೇಲೆ ಬಂದವರಿಗೆಲ್ಲ ಚಹಾ, ಬೇಯಿಸಿ ತೆಳ್ಳಗೆ ಕೊಯ್ದ ಹಂದಿಮಾಂಸದ ಹ್ಯಾಮ್, ಹಣ್ಣಿನ ಕೇಕು ಕೊಡಬೇಕು. ಹ್ಯಾಮ್ ಇಲ್ಲದೆ ಮಣ್ಣು ಮಾಡಿದರೆ ಅದು ಮಣ್ಣು ಮಾಡಿದ ಲೆಕ್ಕವೇ ಅಲ್ಲ.

ಆದರೆ ಅಮ್ಮನ ಚಿಂತೆ ಹ್ಯಾಮಿನದಾಗಿರಲಿಲ್ಲ. ವಿಲ್ಫ್ ಚಿಕ್ಕಪ್ಪನದು.

ಅಜ್ಜ ಒಂದೇ ಇಳಿಜಾರಿನಲ್ಲಿ ಎರಡು ಮನೆ ಬಿಟ್ಟು ಹೋಗಿದ್ದ. ಮೇಲಿನದು ಅಪ್ಪನಿಗೆ, ಕೆಳಗಿನದು ಅವನ ತಮ್ಮ ವಿಲ್ಫ್‌ಗೆ. ನಡುವೆ ಒಂದು ಕಲ್ಲುಗೋಡೆ. ಒಂದು ಚಳಿಗಾಲ ಗೋಡೆ ಕುಸಿಯಿತು. ನಿನ್ನ ಗೋಡೆ ನೀನು ಕಟ್ಟು ಎಂದು ಅಪ್ಪ, ನಿನ್ನ ಗೋಡೆ ನೀನು ಕಟ್ಟು ಎಂದು ಚಿಕ್ಕಪ್ಪ. ಯಾರೂ ಕಟ್ಟಲಿಲ್ಲ. ಆ ಕಂಡಿಯಲ್ಲಿ ಎರಡೂ ಮನೆಯ ಕುರಿಗಳು ಆರಾಮವಾಗಿ ಓಡಾಡಿಕೊಂಡಿದ್ದವು. ಅಣ್ಣತಮ್ಮಂದಿರು ಮಾತ್ರ ಓಡಾಡಲಿಲ್ಲ. ಭಾನುವಾರ ಒಂದೇ ಚಾಪೆಲ್ಲಿನಲ್ಲಿ, ಒಂದೇ ಪ್ರಾರ್ಥನೆಗೆ, ಬೇರೆ ಬೇರೆ ಬೆಂಚಿನಿಂದ ಆಮೆನ್ ಹೇಳುತ್ತಿದ್ದರು.

ಅಮ್ಮ ಹೇಳುತ್ತಾ ಹೋದಳು, ನಾನು ಬರೆಯುತ್ತಾ ಹೋದೆ. ಕ್ಲಿಫರ್ಡ್ ಐವ್ಸನ್, ಹಿಲ್ಡಾಳ ಪತಿ, ನೆವಿಲ್‌ನ ತಂದೆ, ಶನಿವಾರ ಮೆಥೊಡಿಸ್ಟ್ ಚಾಪೆಲ್ಲಿನಲ್ಲಿ ಪ್ರಾರ್ಥನೆ. ಕೊನೆಯ ಸಾಲು: ಆಮೇಲೆ ಟಾಪ್ ಹೌಸಿನಲ್ಲಿ ಚಹಾ.

ನಾನು ಪೆನ್ನು ನಿಲ್ಲಿಸಿದೆ. ನಕ್ಷೆಯಲ್ಲೂ ಅಂಚೆಯವನ ಬಾಯಲ್ಲೂ ನಮ್ಮ ಮನೆಯ ಹೆಸರು ಗಿಲ್ ಎಂಡ್. ಟಾಪ್ ಹೌಸ್, ಅಂದರೆ ಮೇಲಿನ ಮನೆ, ಎನ್ನುವುದು ಮನೆಯೊಳಗಿನ ಮಾತು. ಗಿಲ್ ಎಂಡ್ ಎಂದೇ ಹಾಕೋಣವೇ ಎಂದು ಕೇಳಿದೆ.

"ಬೇಡ," ಎಂದಳು ಅಮ್ಮ. "ಗಿಲ್ ಎಂಡ್ ಅಂದ್ರೆ ಊರೋರ್ನ ಕರೆದ ಹಾಗೆ. ಊರೋರು ಹ್ಯಾಮಿನ ವಾಸನೆ ಹಿಡಿದೇ ಬರ್ತಾರೆ. ಟಾಪ್ ಹೌಸ್ ಅಂತಿದ್ರೆ ವಿಲ್ಫ್‌ಗೆ ಗೊತ್ತಾಗುತ್ತೆ, ಇದು ತನಗೆ ಹೇಳಿದ್ದು ಅಂತ. ಅವನು ಹುಟ್ಟಿದ ಮನೆ."

ಆಮೇಲೆ ಮೇಜಿನ ಕಡೆ ನೋಡುತ್ತಾ, ನೀನೇ ಒಂದು ಸಲ ಕೆಳಗೆ ವಿಲ್ಫ್ ಮನೆಗೆ ಹೋಗಿ ಸುದ್ದಿ ಮುಟ್ಟಿಸಿ ಬಂದರೆ ಹೇಗೆ ಎಂದು ನನ್ನನ್ನು ಕೇಳಿದಳು. ವಾರಪತ್ರಿಕೆಯಲ್ಲಿ ಅಚ್ಚಾಗುತ್ತದಲ್ಲಮ್ಮ, ಅದಕ್ಕಿಂತ ಅಧಿಕೃತವಾದದ್ದು ಇನ್ನೇನಿದೆ ಎಂದೆ. ಅವಳು ಮತ್ತೆ ಕಪ್ಪುಗಳ ಲೆಕ್ಕಕ್ಕೆ ಹಿಂತಿರುಗಿದಳು. ಒಪ್ಪಿದಳೆಂದು ತಿಳಿದು ನಾನು ಮುಖ್ಯ ವಿಷಯಕ್ಕೆ ಬಂದೆ. ಮುಖ್ಯ ವಿಷಯವೆಂದರೆ ಟಾಪ್ ಹೌಸ್ ದೊಡ್ಡಕ್ಷರವೋ ಸಣ್ಣಕ್ಷರವೋ!

ರಾತ್ರಿ ಊಟಕ್ಕೆ ಕೂತಾಗ ಬ್ರೆಂಡಾಗೆ ವಿವರಿಸಿದೆ. ಮನೆ ಎಂಬುದು ರೂಢನಾಮ. ಯಾರೋ ಮೇಲಿನ ಮನೆ ಎಂದು ಬೊಟ್ಟು ಮಾಡಿ ತೋರಿಸಿದರೆ ಅದು ಬರಿಯ ವರ್ಣನೆ, ಸಣ್ಣಕ್ಷರ ಸಾಕು. ಆದರೆ ಅಜ್ಜನ ಕಾಲದಿಂದ ಒಂದೇ ಮನೆಗೆ ಆ ಹೆಸರು ಅಂಟಿಕೊಂಡು ಬಂದಿದ್ದರೆ ಅದು ಅಂಕಿತನಾಮ. ಅಂಕಿತನಾಮಕ್ಕೆ ಸಣ್ಣಕ್ಷರ ಹಾಕುವುದೆಂದರೆ ಅಪ್ಪನಿಗೆ ಟೋಪಿ ತೆಗೆಯದೆ ನಿಂತ ಹಾಗೆ.

"ಅಮ್ಮ ಹೇಳಿದ್ದು ದೊಡ್ಡದಾಗೋ ಸಣ್ಣದಾಗೋ?" ಎಂದಳು ಬ್ರೆಂಡಾ.

"ಬಾಯಲ್ಲಿ ಹೇಳೋವಾಗ ಅದೆಲ್ಲ ಇರಲ್ಲ."

"ಮತ್ತೆ ಇಲ್ಲದ್ದನ್ನ ನೀನ್ಯಾಕೆ ಹಾಕ್ತೀಯ?"

ಉತ್ತರಿಸುವಷ್ಟು ಕೆಳಗೆ ನಾನು ಇಳಿಯಲಿಲ್ಲ. ಟಿ ಅಕ್ಷರವನ್ನು ದೊಡ್ಡದಾಗಿ ಬರೆದೆ. ಎಚ್ ಅಕ್ಷರವನ್ನು ಇನ್ನೂ ದೊಡ್ಡದಾಗಿ ಬರೆದೆ. ಪತ್ರಿಕೆಯವರಿಗೆ ಫೋನ್ ಮಾಡಿ, ಒಂದಕ್ಷರವನ್ನೂ ಬದಲಿಸಕೂಡದೆಂದು ತಾಕೀತು ಮಾಡಿದೆ. ಪುಣ್ಯಾತ್ಮರು ಒಂದಕ್ಷರವನ್ನೂ ಬದಲಿಸಲಿಲ್ಲ.

ಶನಿವಾರ ಚಾಪೆಲ್ಲು ತುಂಬಿತ್ತು. ವಿಲ್ಫ್ ಚಿಕ್ಕಪ್ಪ ಬಂದಿದ್ದ. ಕೊನೆಯ ಬೆಂಚಿನಲ್ಲಿ, ಕಪ್ಪು ಕೋಟಿನಲ್ಲಿ, ಹೊಸದಾಗಿ ಕ್ಷೌರ ಮಾಡಿಸಿಕೊಂಡ ಕತ್ತಿನ ಮೇಲೆ ಕೆಂಪು ಗೆರೆ. ಅಮ್ಮ ತಿರುಗಿ ನೋಡಲಿಲ್ಲ, ಆದರೆ ಅವನು ಬಂದದ್ದು ಅವಳಿಗೆ ಗೊತ್ತಾಯಿತು. ಕೈಯಲ್ಲಿದ್ದ ಕರವಸ್ತ್ರವನ್ನು ಬಿಚ್ಚಿ ಮತ್ತೆ ಮಡಿಸಿದಳು. ಪ್ರಾರ್ಥನೆ ಮುಗಿಯಿತು, ಮಣ್ಣು ಕೊಟ್ಟಾಯಿತು. ಹೊರಗೆ ಜನ ಒಬ್ಬೊಬ್ಬರಾಗಿ ನನ್ನ ಕೈ ಕುಲುಕಿ, "ಸರಿ ನೆವಿಲ್, ಮೇಲೆ ಸಿಗೋಣ," ಎಂದರು. ಗೋರಿಯ ಪಕ್ಕದಲ್ಲಿ ನಿಂತು ಹೇಳುವ ಮಾತೇ ಇದು ಎಂದು ಬ್ರೆಂಡಾ ಗೊಣಗಿದಳು. ನನಗೆ ಮಾತ್ರ ನನ್ನ ಪ್ರಕಟಣೆಯನ್ನು ಎಲ್ಲರೂ ಓದಿದ್ದಾರೆಂದು ಒಳಗೊಳಗೇ ಹೆಮ್ಮೆ.

ನಾವು ಮೂವರು ಮನೆಗೆ ಬಂದೆವು. ಅಮ್ಮ ಅಪ್ಪನ ಕುರ್ಚಿಯನ್ನು ಒಲೆಯ ಹತ್ತಿರ ಎಳೆದಿಟ್ಟಳು. ಅದರಲ್ಲಿ ಯಾರನ್ನು ಕೂರಿಸುತ್ತಾಳೆಂದು ಕೇಳುವ ಅಗತ್ಯವಿರಲಿಲ್ಲ. ಹ್ಯಾಮಿನ ತಟ್ಟೆಗಳು ಮೇಜಿನ ಈ ತುದಿಯಿಂದ ಆ ತುದಿಯವರೆಗೆ. ಚಹಾ ಹಂಡೆ ಕುದಿಯುತ್ತಿತ್ತು. ಕಾದೆವು. ಚಹಾ ಕಪ್ಪಾಯಿತು. ಕಾದೆವು. ಹ್ಯಾಮಿನ ಅಂಚು ಒಣಗಿ ಮೇಲಕ್ಕೆದ್ದಿತು. ಕಿಟಕಿಯಿಂದ ಕಾಣುವ ದಾರಿಯಲ್ಲಿ ಒಂದು ಕುರಿ ಬಂತು, ಅದೂ ತಿರುಗಿ ಹೋಯಿತು.

"ನಿಧಾನವಾಗಿ ಬರ್ತಿರ್ಬೇಕು, ಏರು ದಾರಿ," ಎಂದೆ.

"ಇಡೀ ಊರು ಒಟ್ಟಿಗೆ ನಿಧಾನ ಆಯ್ತಾ?" ಎಂದಳು ಬ್ರೆಂಡಾ.

ಅಮ್ಮ ಎದ್ದು ಹ್ಯಾಮಿನ ಮೇಲೆ ಒದ್ದೆ ಬಟ್ಟೆ ಹೊದಿಸಿದಳು. ಬೆಳಿಗ್ಗೆ ಅಪ್ಪನ ಪೆಟ್ಟಿಗೆ ಮುಚ್ಚುವಾಗಲೂ ಅವಳ ಮುಖ ಅಷ್ಟು ಬಾಡಿರಲಿಲ್ಲ. ನಿಮ್ಮಪ್ಪನನ್ನು ಕಂಡರೆ ಜನಕ್ಕೆ ಇಷ್ಟವಿತ್ತು ಎಂದುಕೊಂಡಿದ್ದೆ ಎಂದು, ನನಗಲ್ಲ, ಒಲೆಗೆ ಹೇಳಿದಳು.

ಬ್ರೆಂಡಾ ಪತ್ರಿಕೆ ತೆಗೆದು ಪ್ರಕಟಣೆಯನ್ನು ಮೊದಲಿನಿಂದ ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು.

"ನೆವಿಲ್, ಊರಿನ ಪಬ್ಬಿಗೆ ಏನಂತಾರೆ?"

"ಫ್ಲೀಸ್. ಬೋರ್ಡಿನ ಮೇಲೆ ಬರೆದಿದ್ಯಲ್ಲ."

"ಬೋರ್ಡು ಬಿಡು. ಜನ ಏನಂತಾರೆ?"

ನಾನು ಪತ್ರಿಕೆಯನ್ನು ಅವಳ ಕೈಯಿಂದ ಕಸಿದುಕೊಂಡೆ. ನಾವು ಮೆಥೊಡಿಸ್ಟರು, ಮದ್ಯ ಮುಟ್ಟುವವರಲ್ಲ. ನಮ್ಮ ಮನೆಯಲ್ಲಿ ಆ ಪಬ್ಬಿನ ಹೆಸರನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ. ಹುಡುಗನಾಗಿದ್ದಾಗ ಅದರ ಮುಂದೆ ಹೋಗಬೇಕಾದರೆ ನಾನು ರಸ್ತೆಯ ಆಚೆ ಬದಿಗೆ ದಾಟಿ, ಉಸಿರು ಬಿಗಿಹಿಡಿದು ನಡೆಯುತ್ತಿದ್ದೆ. ಆದರೂ ಹೆಸರು ಗೊತ್ತಿತ್ತು. ಇಳಿಜಾರಿನಲ್ಲಿ ಚಾಪೆಲ್ಲಿಗಿಂತ ಮೇಲಿರುವ ಆ ಪಬ್ಬಿಗೆ ಊರಿಗೆ ಊರೇ ಕರೆಯುವುದು ಟಾಪ್ ಹೌಸ್ ಎಂದು. ಸಣ್ಣಕ್ಷರದಲ್ಲಿ ಬರೆದಿದ್ದರೆ ಅದು ಐವ್ಸನ್‌ರ ಮೇಲಿನ ಮನೆ. ದೊಡ್ಡಕ್ಷರ ಹಾಕಿ, ಹೆಸರಿಗೆ ಕಿರೀಟ ತೊಡಿಸಿ, ಮದ್ಯ ಮುಟ್ಟುವುದಿಲ್ಲವೆಂದು ಚಾಪೆಲ್ಲಿನಲ್ಲಿ ಪ್ರತಿಜ್ಞೆ ಮಾಡಿದ ನನ್ನಪ್ಪನ ಕೊನೆಯ ಚಹಾವನ್ನು ನಾನು ಹೆಂಡದಂಗಡಿಗೆ ಕಳಿಸಿದ್ದೆ!

ಓಡಿದೆ. ಕರಿ ಕೋಟು ಹಾರಿಸಿಕೊಂಡು ಇಳಿಜಾರಿನಲ್ಲಿ ಕಾಗೆಯ ಹಾಗೆ ಓಡಿದೆ. ಪಬ್ಬಿನ ಬಾಗಿಲು ತಳ್ಳಿದರೆ ಒಳಗೆ ಇಡೀ ಚಾಪೆಲ್ಲೇ ಕೂತಿತ್ತು. ಪಬ್ಬಿನ ಒಡತಿ ಮೂರಿಯಲ್, ದುಃಖದಲ್ಲಿ ಮನೆಯವರು ಮುಂಚೆ ತಿಳಿಸಲು ಮರೆತರೆಂದು ತಾನೇ ಊಹಿಸಿಕೊಂಡು, ಇದ್ದಬದ್ದ ಮಾಂಸದ ಪೈಗಳನ್ನೆಲ್ಲ ಬಿಸಿ ಮಾಡಿ ಹಂಚುತ್ತಿದ್ದಳು. ಪಕ್ಕದ ಹೊಲದ ಮುದುಕ ಹೆರಾಲ್ಡ್ ಥ್ವೇಟ್ ಗ್ಲಾಸು ಎತ್ತಿ, ಒಂದು ತೊಟ್ಟೂ ಮುಟ್ಟದೆ ಬಾಳಿದ ಕ್ಲಿಫರ್ಡ್‌ನ ಗೌರವಾರ್ಥ ಎರಡನೆಯ ಸುತ್ತು ಶುರು ಮಾಡಿದ್ದ.

"ಎಲ್ಲರೂ ದಯವಿಟ್ಟು ಕೇಳಿ," ಎಂದೆ. "ಚಹಾ ಇರೋದು ಇಲ್ಲಲ್ಲ. ಟಾಪ್ ಹೌಸಿನಲ್ಲಿ."

"ಟಾಪ್ ಹೌಸಿನಲ್ಲೇ ಇದ್ದೀವಲ್ಲಪ್ಪ," ಎಂದ ಹೆರಾಲ್ಡ್.

"ಈ ಟಾಪ್ ಹೌಸ್ ಅಲ್ಲ. ಟಾಪ್ ಹೌಸ್."

"ಅದೇ ಮತ್ತೆ. ಟಾಪ್ ಹೌಸ್."

"ಇದು ದೊಡ್ಡಕ್ಷರದ್ದು. ನಾನು ಹೇಳ್ತಿರೋದು ಸಣ್ಣಕ್ಷರದ್ದು."

ಹೆರಾಲ್ಡ್ ಜೇಬಿನಿಂದ ಪತ್ರಿಕೆಯ ತುಂಡು ತೆಗೆದು, ಕಣ್ಣಿನಿಂದ ದೂರ ಹಿಡಿದು ನೋಡಿದ. "ಇಲ್ಲಿ ದೊಡ್ಡಕ್ಷರಾನೇ ಇದೆ."

"ಅದು ನಾನು ಹಾಕಿದ್ದು."

"ಮತ್ತೆ ನಾವು ಸರಿಯಾದ ಜಾಗಕ್ಕೇ ಬಂದಿದ್ದೀವಿ ಬಿಡು. ಕೂತ್ಕೋ, ಪೈ ತಿನ್ನು."

ಮೂರು ವರ್ಷ ಕಲಿತ ವ್ಯಾಕರಣವನ್ನೆಲ್ಲ ಒಟ್ಟುಗೂಡಿಸಿ, ಒಂದು ಸಲ ಗಂಟಲು ಏರಿಸಿ ದೊಡ್ಡಕ್ಷರ, ಒಂದು ಸಲ ಗಂಟಲು ತಗ್ಗಿಸಿ ಸಣ್ಣಕ್ಷರ ಉಚ್ಚರಿಸಲು ನೋಡಿದೆ. ಅಪ್ಪನ ಸಾವಿನಿಂದ ಹುಡುಗನಿಗೆ ತಲೆ ಕೆಟ್ಟಿದೆಯೆಂದು ಮೂಲೆಯಲ್ಲಿ ಯಾರೋ ಕನಿಕರಪಟ್ಟರು. ಕೊನೆಗೆ ಮೂರಿಯಲ್‌ಗೆ ಹೊಳೆಯಿತು.

"ಗಿಲ್ ಎಂಡ್ ಅಂತಿದಾನೆ ಕಣ್ರೋ. ಹಿಲ್ಡಾ ಮನೇಲಿ ಕಾಯ್ತಾ ಕೂತಿದಾಳೆ."

  ಗ್ಲಾಸುಗಳು ಕೆಳಗಿಳಿದವು. ಎಲ್ಲರೂ ಟೋಪಿ ಕೈಯಲ್ಲಿ ಹಿಡಿದು ನಾಚಿಕೊಂಡು ಹೊರಟರು. ಉಳಿದ ಪೈಗಳನ್ನು ಮೂರಿಯಲ್ ಟವೆಲಿನಲ್ಲಿ ಕಟ್ಟಿಕೊಂಡು ತಾನೂ ಹೊರಟಳು.

ಅಮ್ಮ ಯಾರನ್ನೂ ಏನೂ ಕೇಳಲಿಲ್ಲ. ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಹಿಡಿದು ಒಳಗೆ ಬಿಟ್ಟುಕೊಂಡಳು, ಪ್ರತಿಯೊಬ್ಬರ ಭುಜದಾಚೆ ದಾರಿಯನ್ನು ನೋಡಿದಳು. ಕೊನೆಯವನು ಒಳಗೆ ಬಂದ ಮೇಲೂ ಬಾಗಿಲು ಹಾಕಲಿಲ್ಲ. ಕಡೆಗೆ ಹೆರಾಲ್ಡ್, ಚಾಪೆಲ್ಲಿನ ಮುಂದೆ ವಿಲ್ಫ್ ತನ್ನ ಜೀಪಿನಲ್ಲಿ ಕೂತಿದ್ದನ್ನು ಕಂಡೆನೆಂದ. ದಾರಿ ಕವಲೊಡೆಯುವ ಕಡೆ ಜೀಪು ನಿಲ್ಲಿಸಿ, ಪಬ್ಬಿನ ಕಡೆ ಒಂದು ಸಲ ನೋಡಿ, ಗಿಲ್ ಎಂಡ್ ಕಡೆ ಒಂದು ಸಲ ನೋಡಿ, ಕೆಳಗೆ ತನ್ನ ಮನೆಗೆ ಹೋದನಂತೆ.

"ನೀನು ಹೋಗು," ಎಂದಳು ಅಮ್ಮ ನನಗೆ.

ವಿಲ್ಫ್ ಚಿಕ್ಕಪ್ಪ ಕುರಿ ಕೊಟ್ಟಿಗೆಯಲ್ಲಿದ್ದ. ಕಪ್ಪು ಕೋಟು ಮೊಳೆಗೆ ನೇತುಬಿದ್ದಿತ್ತು. ಬಿಳಿ ಅಂಗಿಯ ತೋಳು ಮಡಿಸಿ, ಸಾವಿಗೆಂದು ತೊಟ್ಟಿದ್ದ ಪ್ಯಾಂಟಿನಲ್ಲೇ ಹುಲ್ಲಿನ ಮೇಲೆ ಮಂಡಿಯೂರಿ, ಈಯಲಾರದ ಒಂದು ಕುರಿಯ ಹೊಟ್ಟೆ ಸವರುತ್ತಿದ್ದ. ಅಮ್ಮ ಕಾಯುತ್ತಿದ್ದಾಳೆಂದೆ.

"ಎಲ್ಲಿ? ಪಬ್ಬಲ್ಲಾ?"

 ಅವನು ಕುರಿಯ ಮೇಲಿನ ಕಣ್ಣು ತೆಗೆಯದೆಯೇ ಹೇಳಿದ.

"ನಿಮ್ಮಮ್ಮ ಮರ್ಯಾದಸ್ತೆ. ಬರ್ಬೇಡ ಅಂತ ಎಷ್ಟು ಚೆನ್ನಾಗಿ ಹೇಳಿದ್ಲು. ಈ ಊರಲ್ಲಿ ನಾನು ಕಾಲಿಡದ ಜಾಗ ಎರಡು. ಒಂದು ಆ ಪಬ್ಬು, ಇನ್ನೊಂದು ನಿಮ್ಮನೆ. ಎರಡ್ನೇದಕ್ಕೆ ಹೋಗೋಣ ಅಂತ ಇವತ್ತು ಹೊರಟಿದ್ದೆ, ಊರೆಲ್ಲ ಪಬ್ಬಿಗೆ ತಿರುಗಿದ್ದು ಕಂಡ್ಮೇಲೆ ಅರ್ಥ ಆಯ್ತು."

ರೂಢನಾಮ, ಅಂಕಿತನಾಮ, ದೊಡ್ಡಕ್ಷರ, ಸಣ್ಣಕ್ಷರ, ಎಲ್ಲವನ್ನೂ ಹೇಳಿದೆ. ಕೊಟ್ಟಿಗೆಯಲ್ಲಿ ಅವು ಬಹಳ ಸಣ್ಣದಾಗಿ ಕೇಳಿಸಿದವು. ಚಿಕ್ಕಪ್ಪ ಪೂರ್ತಿ ಕೇಳಿಸಿಕೊಂಡ.

"ಅಂದ್ರೆ ನಿಮ್ಮಮ್ಮ ಬರಿ ಅಂದಿದ್ದು ಮನೆ. ಪಬ್ಬು ಮಾಡಿದ್ದು ನೀನು."

"ಹೌದು."

"ಎರಡಕ್ಷರದಲ್ಲಿ."

"ಟಿ ಮತ್ತೆ ಎಚ್."

ಅವನು ಪಕ್ಕದ ಬಕೆಟ್ಟಿನಲ್ಲಿ ಕೈ ತೊಳೆದುಕೊಂಡ. "ನಮ್ಮಣ್ಣ ಸತ್ತಿದ್ದೂ ನಂಗೆ ಆ ಪೇಪರ್ರೇ ಹೇಳಿದ್ದು. ಆ ಸಾಲಲ್ಲಿ ಅಕ್ಷರ ಎಲ್ಲ ಸರಿಯಾಗಿತ್ತಾ?"

ಇಡೀ ಊರಿಗೆ ಗೊತ್ತಿತ್ತು. ಆದರೆ ಅಣ್ಣ ಸತ್ತನೆಂದು ತಮ್ಮನಿಗೆ ಯಾರು ಹೋಗಿ ಹೇಳುತ್ತಾರೆ? ಮನೆಯವರು ಹೇಳಿರುತ್ತಾರೆ ಎಂದುಕೊಳ್ಳುತ್ತಾರೆ. ಮನೆಯವನು ಅಚ್ಚಿಗೆ ಕಳಿಸಿ ಕೂತಿದ್ದ.

"ಸರಿಯಾಗಿತ್ತು, ಚಿಕ್ಕಪ್ಪ," ಎಂದೆ.

"ಹ್ಞೂಂ." ಮತ್ತೆ ಕುರಿಯ ಮುಂದೆ ಮಂಡಿಯೂರಿದ. "ಇವತ್ತು ಬರಲ್ಲ. ಕೋಟು ತೆಗೆದಾಯ್ತು. ಮತ್ತೆ ಹಾಕ್ಕೊಂಡ್ರೆ ಅವನನ್ನ ಎರಡು ಸಲ ಹೂತ ಹಾಗಾಗುತ್ತೆ."

ನಾನು ಮನೆಗೆ ಬರುವಷ್ಟರಲ್ಲಿ ಜನ ಚದುರಿದ್ದರು. ಬ್ರೆಂಡಾ ಚಾಪೆಲ್ಲಿನ ಕಪ್ಪುಗಳನ್ನು ತೊಳೆಯುತ್ತಿದ್ದಳು. ನಡೆದದ್ದನ್ನು ಬಿಡದೆ ಅಮ್ಮನಿಗೆ ಹೇಳಿದೆ, ಪೇಪರಿನಿಂದ ಗೊತ್ತಾಯಿತೆಂದು ಅವನು ಹೇಳಿದ್ದನ್ನೂ ಸೇರಿಸಿ. ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಎದ್ದು, ಒಂದು ತಟ್ಟೆಗೆ ಹ್ಯಾಮ್ ಮತ್ತು ಕೇಕು ಹಾಕಿ, ಮೇಲೆ ಬಟ್ಟೆ ಮುಚ್ಚಿ, ಬೆಳಿಗ್ಗೆಯ ಕಪ್ಪು ಕೋಟನ್ನು ಮತ್ತೆ ತೊಟ್ಟುಕೊಂಡಳು.

"ಅಮ್ಮ, ಕ್ಷಮೆ ಕೇಳಿ ನಾನೊಂದು ಸಾಲು ಬರೆದುಕೊಡ್ತೀನಿ," ಎಂದೆ.

ಬ್ರೆಂಡಾ ಒದ್ದೆ ಕೈಯಿಂದಲೇ ನನ್ನ ಜೇಬಿನ ಪೆನ್ನು ಕಿತ್ತುಕೊಂಡಳು. ಅಮ್ಮ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

"ನೀನು ಇದನ್ನ ಹಿಡ್ಕೊಂಡು ಬಾ, ಮಗಾ. ಸಾಕು."

ಕುರಿಗಳು ಓಡಾಡುವ ಕಂಡಿಯಲ್ಲೇ ಇಳಿದು ಹೋದೆವು. ಅಮ್ಮ ಮುಂದೆ, ತಟ್ಟೆ ಹಿಡಿದು ನಾನು ಹಿಂದೆ. ಚಿಕ್ಕಪ್ಪನ ಮನೆಯ ಬಾಗಿಲು ತಟ್ಟಿದಳು. ಅವನು ತೆಗೆದಾಗ ಕಾಲಲ್ಲಿ ಬರಿಯ ಕಾಲುಚೀಲ. 

"ವಿಲ್ಫ್," ಎಂದಳು ಅಮ್ಮ. "ಕ್ಲಿಫರ್ಡ್ ಹೋಗ್ಬಿಟ್ಟ."

ಅವನು ಪ್ರಾರ್ಥನೆಗೆ ಬಂದಿದ್ದ. ಪೆಟ್ಟಿಗೆ ಇಳಿಸುವುದನ್ನು ದೂರದಿಂದ ನೋಡಿದ್ದ. ಆದರೂ ಆಗತಾನೇ ಕೇಳಿದವನ ಹಾಗೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ಯಾವಾಗ?" ಎಂದ.

"ಹೋದ ವಾರ, ಶುಕ್ರವಾರ ಬೆಳಿಗ್ಗೆ. ಚಹಾ ಕೇಳಿದ್ದ. ತರೋಷ್ಟರಲ್ಲಿ ಇರ್ಲಿಲ್ಲ."

"ನೋವಿತ್ತಾ?"

"ಇರ್ಲಿಲ್ಲ, ವಿಲ್ಫ್."

ಅವನು ಪಕ್ಕಕ್ಕೆ ಸರಿದ. ಅಮ್ಮ ಒಳಗೆ ಹೋದಳು. ನಾನು ತಟ್ಟೆ ಹಿಡಿದು ಹೊರಗೇ ನಿಂತೆ. ಬಾ ಎಂದು ಯಾರೂ ಹೇಳಿರಲಿಲ್ಲ. ಒಳಗೆ ಕುರ್ಚಿ ಎಳೆದ ಸದ್ದು, ಆಮೇಲೆ ಒಬ್ಬ ಗಂಡಸು ಅಳುವ ಸದ್ದು, ಆಮೇಲೆ ಕೆಟಲಿಗೆ ನೀರು ತುಂಬುವ ಸದ್ದು. ಬಹಳ ಹೊತ್ತಿನ ಮೇಲೆ ಚಿಕ್ಕಪ್ಪ ಬಾಗಿಲಿಗೆ ಬಂದ.

"ಒಳಗೆ ಬಾ," ಎಂದ. "ಬಾಗಿಲು ತಗ್ಗು. ಓದಿದೋನು ನೀನು, ತಲೆ ಬಗ್ಗಿಸ್ಕೊಂಡು ಬಾ."

ತಲೆ ಬಗ್ಗಿಸಿದೆ. ಸಾಲಲಿಲ್ಲ, ಹಣೆ ಚೌಕಟ್ಟಿಗೆ ಬಡಿಯಿತು.

"ಇನ್ನೂ ಸ್ವಲ್ಪ," ಎಂದ ಚಿಕ್ಕಪ್ಪ, ನನ್ನ ಕೈಯಿಂದ ತಟ್ಟೆ ತೆಗೆದುಕೊಳ್ಳುತ್ತಾ.